ನನ್ನವಳಿಗೆ, ಪ್ರೀತಿಯಿಂದ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಲಾಬಿ ಅಣ್ಣ ಎಂದು. ದುಡ್ಡಿನ ನೋಟು ಮಡಿಸಿ ಮಾಡಿದ ಹೂವು ಮಾರಿ ಹೆಸರು ಮಾಡಿದವನು. ಆದರೆ ಒಂಬತ್ತು ವರ್ಷದಲ್ಲಿ ಒಂದು ಹೂವನ್ನೂ ತನ್ನ ಕೈಯಾರೆ ಮಡಿಸಿದವನಲ್ಲ. ಮಡಿಸುತ್ತಿದ್ದವಳು ಅವನ ಹೆಂಡತಿ. ಅವಳಿಗೆ ಬೀದಿಯಲ್ಲಿ ಬೇರೆ ಹೆಸರಿರಲಿಲ್ಲ. ‘ಗುಲಾಬಿ ಅಣ್ಣನ ಮನೆಯವರು’, ಅಷ್ಟೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವಿನ ಕೋಣೆಯಲ್ಲಿ ಕಿಟಕಿ ಪಕ್ಕ ಅವಳ ಮೇಜು. ಹಿಂದೆ ಅಡುಗೆಮನೆ. ಹಿಂಬಾಗಿಲಿಗೆ ಅಡ್ಡಲಾಗಿ ಖಾಲಿ ಡಬ್ಬಗಳನ್ನೂ ರಿಬ್ಬನ್ನಿನ ಪೆಟ್ಟಿಗೆಗಳನ್ನೂ ಪೇರಿಸಿ ಎರಡು ವರ್ಷವಾಗಿತ್ತು. ಹಾಗಾಗಿ ಒಂದು ಕಟ್ಟು ಸೊಪ್ಪು ತರಲು ಹೋಗಬೇಕಾದರೂ ಅವಳು ಅಂಗಡಿಯನ್ನು ದಾಟಿಯೇ ಹೋಗಬೇಕು, ದಾಟುವಾಗ “ಎಲ್ಲಿಗೆ?” ಅನ್ನುವುದಕ್ಕೆ ಉತ್ತರ ಕೊಟ್ಟೇ ಹೋಗಬೇಕು.

ಪ್ರೀತಿಸಿದವಳಿಗೆ ದುಡ್ಡು ಕೊಡಬೇಕು, ಆದರೆ ಬರೀ ಕವರಿನಲ್ಲಿ ಹಾಕಿ ಕೊಟ್ಟರೆ ಸಂಬಳ ಕೊಟ್ಟ ಹಾಗೆ ಕಾಣುತ್ತದೆ ಅನ್ನುವವರು ಅಲ್ಲಿಗೆ ಬರುತ್ತಿದ್ದರು. ಅವರವರ ಶಕ್ತಿಗೆ ತಕ್ಕ ಹಾಗೆ ಗುಲಾಬಿ ಅಣ್ಣ ದಾರಿ ತೋರಿಸುತ್ತಿದ್ದ. ಐದು ನೋಟಿದ್ದರೆ ಒಂದು ಗುಲಾಬಿ. ಇಪ್ಪತ್ತಿದ್ದರೆ ಗುಚ್ಛ. ಕೈ ಇನ್ನೂ ಧಾರಾಳವಿದ್ದರೆ ಕೇಕಿನ ಆಕಾರದ ಡಬ್ಬ. ಮೇಲಿನ ಕಡ್ಡಿ ಹಿಡಿದು ಎಳೆದರೆ ಒಂದರ ಬಾಲ ಹಿಡಿದು ಇನ್ನೊಂದು ನೋಟು ಹೊರಗೆ ಬರುತ್ತದೆ. ಬಲೂನಿನೊಳಗೆ ಸುರುಳಿ ಸುತ್ತಿದ ನೋಟು ಬೇಕಾದರೆ ಅದೂ ಉಂಟು. “ದುಡ್ಡು ಯಾರು ಬೇಕಾದರೂ ಕೊಡ್ತಾರೆ ಸಾರ್, ಕೊಡೋ ರೀತಿಯಲ್ಲಿರೋದು ಪ್ರೀತಿ” ಎಂದು ಅವನು ಹೇಳಿದರೆ ಜಿಪುಣರ ಕೈಯೂ ಜೇಬಿಗೆ ಹೋಗುತ್ತಿತ್ತು.

ಅನುಮಾನಿಸುವವರಿಗೆ ಅವನು ಗೋಡೆ ತೋರಿಸುತ್ತಿದ್ದ. ಗೋಡೆಯ ಮೇಲೆ ಒಂಬತ್ತು ಗಾಜಿನ ಚೌಕಟ್ಟುಗಳು. ಅಂಗಡಿ ಇಟ್ಟಂದಿನಿಂದ ಮದುವೆಯ ದಿನ ಬಂದಾಗಲೆಲ್ಲ ಹೆಂಡತಿಗೆ ಅವನು ಕೊಟ್ಟ ಉಡುಗೊರೆ. ಗುಲಾಬಿ, ಚಿಟ್ಟೆ, ದೋಣಿ, ಬೀಸಣಿಗೆ, ಹೀಗೆ ವರ್ಷಕ್ಕೊಂದು. ಎಲ್ಲವೂ ಅಸಲಿ ನೋಟು. ಪ್ರತಿಯೊಂದರ ಕೆಳಗೂ ‘ನನ್ನವಳಿಗೆ, ಪ್ರೀತಿಯಿಂದ’ ಎಂಬ ಚಿನ್ನದ ಬಣ್ಣದ ಅಕ್ಷರ. ಅದನ್ನು ನೋಡಿ ಹೆಂಗಸರು ತಮ್ಮ ಗಂಡಂದಿರ ಪಕ್ಕೆ ತಿವಿಯುತ್ತಿದ್ದರು. “ಅಕ್ಕ, ಪುಣ್ಯ ಮಾಡಿದ್ರಿ” ಎಂದು ಒಳಗೆ ಇಣುಕಿ ಹೇಳಿ ಹೋಗುತ್ತಿದ್ದರು. ಆ ಒಂಬತ್ತನ್ನೂ ಮಡಿಸಿದವಳು ಅವಳೇ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಮದುವೆಯ ದಿನಕ್ಕೆ ಒಂದು ವಾರ ಮುಂಚೆ ಅವನು ಹೊಸ ನೋಟು ತಂದು ಮೇಜಿನ ಮೇಲಿಟ್ಟು, “ಈ ಸಲ ನಿನಗೆ ದೋಣಿ ಮಾಡ್ಕೋ” ಅನ್ನುತ್ತಿದ್ದ. ಅವಳು ಮಾಡಿಕೊಡುತ್ತಿದ್ದಳು. ಅವನು ಕಟ್ಟು ಹಾಕಿಸಿ ತಂದು, ನಾಲ್ಕು ಜನರ ಎದುರಿಗೆ ಅವಳ ಕೈಗಿಟ್ಟು, ಚಪ್ಪಾಳೆ ಮುಗಿದ ಮೇಲೆ ಗೋಡೆಗೆ ಹಾಕುತ್ತಿದ್ದ.

ಕೈ ಮೊದಲು ತೊಂದರೆ ಕೊಟ್ಟದ್ದು ಬೆಳಗಿನ ಹೊತ್ತು. ಎದ್ದಾಗ ಬಲಗೈಯ ಮೂರು ಬೆರಳು ತನ್ನವಲ್ಲ ಅನ್ನಿಸುವಷ್ಟು ಜೋಮು. ಬಿಸಿನೀರಿನಲ್ಲಿ ಅದ್ದಿ, ಕೊಡವಿ, ಕೆಲಸಕ್ಕೆ ಕೂರುತ್ತಿದ್ದಳು. ಆಮೇಲೆ ಚಹಾದ ಲೋಟ ಬೀಳತೊಡಗಿತು. ಒಂದು ವಾರದಲ್ಲಿ ನಾಲ್ಕು ಲೋಟ ಒಡೆದಾಗ ಅತ್ತೆ ಸ್ಟೀಲಿನ ಲೋಟ ತಂದಿಟ್ಟಳು. “ಇನ್ನು ಬೀಳ್ಸು, ಶಬ್ದ ಮಾತ್ರ ಆಗತ್ತೆ” ಎಂದಳು.

ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ಮಾಡಿದವಳು. ಮಾತೂ ಇಸ್ತ್ರಿಪೆಟ್ಟಿಗೆಯ ಹಾಗೆಯೇ: ಬಿಸಿ, ಭಾರ, ನೇರ.

ಒಂದು ಮಧ್ಯಾಹ್ನ ಬಸ್ಸಿನ ಕಂಡಕ್ಟರೊಬ್ಬ ಹಿಂದಿನ ದಿನ ಕೊಂಡಿದ್ದ ಗುಚ್ಛ ವಾಪಸು ತಂದ. ಎರಡು ಹೂವಿನಲ್ಲಿ ನೋಟು ಅಂಚಿನವರೆಗೂ ಹರಿದಿತ್ತು.

“ದಿನಾ ಐವತ್ತು ಹರಿದ ನೋಟು ನನ್ನ ಚೀಲಕ್ಕೆ ಬರ್ತವೆ ಅಣ್ಣ. ಪ್ರೀತಿ ಮಾಡೋ ಕಡೆನೂ ಅದೇನಾ?” ಎಂದ. “ಅವಳು ನಕ್ಕಳು. ನಗೋದು ಬೇಡಿತ್ತು ನನಗೆ.”

ಗುಲಾಬಿ ಅಣ್ಣ ಕ್ಷಮೆ ಕೇಳಿ, ಬೇರೆ ನೋಟು ಹಾಕಿ, ಹೊಸದು ಮಾಡಿಸಿಕೊಟ್ಟ. ಕಂಡಕ್ಟರು ಹೋದ ಮೇಲೆ ಒಳಗೆ ಬಂದ. ಕೂಗಾಡುವ ಜಾಯಮಾನ ಅವನದಲ್ಲ.

“ಏನಾಯ್ತೇ? ಗಮನ ಎಲ್ಲಿತ್ತು?”

“ಬೆರಳಿಗೆ ಸ್ಪರ್ಶ ಗೊತ್ತಾಗ್ತಿಲ್ಲ ರೀ. ಎಷ್ಟು ಒತ್ತಿದೆ ಅಂತ ಕಣ್ಣಲ್ಲಿ ನೋಡಬೇಕು.”

“ಒಂದೆರಡು ದಿನ ಎಣ್ಣೆ ಹಚ್ಚಿ ತಿಕ್ಕು. ಹೋಗತ್ತೆ.”

ಹೋಗಲಿಲ್ಲ. ಮಗಳೇ ಅವಳನ್ನು ಎಳೆದುಕೊಂಡು ವೈದ್ಯರ ಹತ್ತಿರ ಹೋದಳು. ಹದಿನೇಳರ ಆ ಹುಡುಗಿಗೆ ಮನೆಯಲ್ಲಿ ಪೆನ್ಸಿಲ್ ಅಂತಲೇ ಹೆಸರು; ಸಣಕಲು ಮೈ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಕಟ್ಟಡದ ನಕ್ಷೆ ಬಿಡಿಸುವ ಡಿಪ್ಲೊಮಾ ಸೇರಬೇಕೆಂದು ಪ್ರವೇಶ ಪರೀಕ್ಷೆಗೆ ತಯಾರಿ ನಡೆಸಿದ್ದಳು. ಸಂಜೆ ಎರಡು ಗಂಟೆ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಪಾಠ.

ವೈದ್ಯರು ಮಣಿಕಟ್ಟು ಬಗ್ಗಿಸಿದರು, ತಟ್ಟಿದರು, ಹೆಬ್ಬೆರಳಿನ ಬುಡ ಒತ್ತಿದರು. “ನರ ಒತ್ತಿಕೊಂಡಿದೆಯಮ್ಮ. ಇಲ್ಲಿ ನೋಡಿ, ಹೆಬ್ಬೆರಳಿನ ಮಾಂಸ ಆಗಲೇ ಇಳಿದಿದೆ. ಸಣ್ಣ ಆಪರೇಷನ್, ಅದೇ ದಿನ ಮನೆಗೆ ಹೋಗಬಹುದು. ಬಿಟ್ಟರೆ ಕೈ ಹಿಡಿತ ಹೋಗತ್ತೆ. ಕೈಯಲ್ಲಿ ಕೆಲಸ ಮಾಡೋದು ಎಷ್ಟು ವರ್ಷದಿಂದ?”

“ಒಂಬತ್ತು.”

“ಏನು ಕೆಲಸ?”

ಹೇಗೆ ಹೇಳುವುದೆಂದು ಅವಳಿಗೆ ತೋಚಲಿಲ್ಲ. “ಮಡಿಸೋದು” ಎಂದಳು.

ಅಂದು ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಗಂಡನಿಗೆ ಎರಡನೇ ಸಲ ಬಡಿಸಿದ ಮೇಲೆ ಅವಳು ವಿಷಯ ತೆಗೆದಳು. ಅವನು ಖರ್ಚು ಎಷ್ಟೆಂದು ಕೇಳಿದ. ಹೇಳಿದಳು. ತುತ್ತು ಕೈಯಲ್ಲೇ ನಿಂತಿತು.

“ಈಗ ಎಲ್ಲಿಂದ ತರ್ಲಿ? ಇದ್ದದ್ದನ್ನೆಲ್ಲ ಹೊಸ ಗಾಜಿನ ಕೌಂಟರಿಗೆ ಸುರಿದಿದ್ದೀನಿ. ಮದುವೆ ಸೀಸನ್ ಬೇರೆ. ಮುಗೀಲಿ, ಮಾಡಿಸೋಣ.”

“ಸೀಸನ್ ಮುಗಿಯೋಕೆ ನಾಲ್ಕು ತಿಂಗಳು.”

“ನಾಲ್ಕು ತಿಂಗಳು ಅಂದರೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಹೋಗತ್ತೆ.”

ಅವಳು ಆಲೂಗಡ್ಡೆಯ ಪಾತ್ರೆ ಮುಚ್ಚಿದಳು. “ಆ ಚೌಕಟ್ಟಿನಲ್ಲಿ ಇದೆಯಲ್ಲ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ನಕ್ಕುಬಿಟ್ಟ. “ಅದು ದುಡ್ಡೇನೇ? ಅದು ನಮ್ಮ ಪ್ರೀತಿ.”

“ನನ್ನದು ತಾನೇ?”

“ನಿನ್ನದಲ್ಲದೆ ಇನ್ಯಾರದು? ಅದಕ್ಕೇ ಅಲ್ವಾ ಜೋಪಾನ ಮಾಡಿ ಇಟ್ಟಿರೋದು? ಯಾರಾದರೂ ಕೊಟ್ಟ ಉಡುಗೊರೆ ಒಡೆದು ತಿಂತಾರಾ?” ಅವನಿಗೆ ನಿಜಕ್ಕೂ ನೋವಾಗಿತ್ತು. “ಅಮ್ಮ, ನೀನೇ ಹೇಳು.”

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. “ನಾನು ಮೂವತ್ತು ವರ್ಷ ಇಸ್ತ್ರಿ ತಿಕ್ಕಿದೆ. ನನ್ನ ಬೆರಳೂ ಸೊಟ್ಟಗಾದವು. ಯಾರು ಕೇಳಿದರು?” ಎಂದಳು. ಆ ಮಾತು ಯಾರ ಕಡೆಗೆಂದು ಇಬ್ಬರಿಗೂ ತಿಳಿಯಲಿಲ್ಲ.

ಅದೇ ವಾರ ದೊಡ್ಡ ಆರ್ಡರ್ ಬಂತು. ಕಟ್ಟಡ ಕಟ್ಟಿಸುವ ಕಂತ್ರಾಟುದಾರನೊಬ್ಬ, ಮದುವೆಯಾಗಿ ಇಪ್ಪತ್ತೈದು ವರ್ಷ, ಹೆಂಡತಿಗೆ ಕೊಡೆ ಕೊಡಬೇಕು; ಕೊಡೆ ಬಿಚ್ಚಿದರೆ ಮುನ್ನೂರು ನೋಟಿನ ಚಿಟ್ಟೆಗಳು ದಾರದಲ್ಲಿ ಇಳಿದು ಅವಳ ಸುತ್ತ ಆಡಬೇಕು. ಎರಡು ವಾರದ ಗಡುವು. ಮುಂಗಡವೇ ಅವರ ಒಂದು ತಿಂಗಳ ವ್ಯಾಪಾರದಷ್ಟು.

“ಇದೊಂದು ಮುಗಿಸಿಬಿಡು, ಆಮೇಲೆ ನಿನ್ನ ಕೈ” ಎಂದ ಗುಲಾಬಿ ಅಣ್ಣ. ಮುಂಗಡದ ದುಡ್ಡು ಮಾರನೆಯ ದಿನವೇ ರೇಷ್ಮೆಯ ಕೊಡೆಗೂ ದೀಪದ ಸರಕ್ಕೂ ಹೋಯಿತು.

ಅವಳು ಕೂತಳು. ದಿನಕ್ಕೆ ಅರವತ್ತು ಮಡಿಸುತ್ತಿದ್ದ ಕೈ ಈಗ ಹತ್ತಕ್ಕೇ ಸೋಲುತ್ತಿತ್ತು. ಎಡಗೈಯಿಂದ ನೋಟು ಒತ್ತಿ ಹಿಡಿದು, ಬಲಗೈಯ ಉಗುರಿನಿಂದ ಗೆರೆ ಎಳೆದು, ಮಧ್ಯೆ ಮಧ್ಯೆ ಎದ್ದು ಅನ್ನಕ್ಕಿಟ್ಟು, ಬಟ್ಟೆ ನೆನೆಹಾಕಿ, ಮತ್ತೆ ಬಂದು ಕೂರುವಳು. ಬಟ್ಟೆ ಹಿಂಡಲು ಆಗದೆ ನೀರಿಳಿಯುತ್ತಿದ್ದ ಹಾಗೆಯೇ ಹಗ್ಗಕ್ಕೆ ಹಾಕಿದಾಗ ಅತ್ತೆ ಬಂದು ಎಲ್ಲವನ್ನೂ ಕೆಳಗಿಳಿಸಿ ಹಿಂಡಿ ಹಾಕಿದಳು. ಏನೂ ಅನ್ನಲಿಲ್ಲ. ಏನೂ ಅನ್ನದಿದ್ದದ್ದೇ ಹೊಸದು.

ಐದನೇ ದಿನ ಗಂಡನೇ ಒಂದು ಉಪಾಯ ತಂದ. “ಹೊರಗೆ ಒಬ್ಬಳಿಗೆ ಒಪ್ಪಿಸಿದ್ದೀನಿ. ಚಿಟ್ಟೆಗೆ ಇಷ್ಟು ಅಂತ. ನಿನಗೂ ಹಗುರ.” ಅಂದಿನಿಂದ ದಿನಾ ಕತ್ತಲಾಗುವ ಹೊತ್ತಿಗೆ ಬಿಸ್ಕತ್ತಿನ ಡಬ್ಬದಲ್ಲಿ ಇಪ್ಪತ್ತು ಚಿಟ್ಟೆ ಬರತೊಡಗಿದವು. ಅವಳಿಗೆ ಸಮಾಧಾನವಾಯಿತು. ಗಂಡನಿಗೆ ತನ್ನ ಕೈಯ ಬಗ್ಗೆ ಯೋಚನೆಯಾದರೂ ಬಂತಲ್ಲ ಎಂದುಕೊಂಡು ಆ ಭಾನುವಾರ ಅವನ ಅಂಗಿಯ ಗುಂಡಿ ತಾನಾಗಿ ಹೊಲಿದುಕೊಟ್ಟಳು.

ದಾರ ಪೋಣಿಸುವ ದಿನ ಬಂತು. ಕಿಟಕಿಯ ಬೆಳಕಿಗೆ ಒಂದೊಂದೇ ಚಿಟ್ಟೆ ಹಿಡಿದು ದಾರ ಕಟ್ಟುತ್ತಿದ್ದವಳು ಒಂದರಲ್ಲಿ ತಡೆದು ನಿಂತಳು. ರೆಕ್ಕೆಯ ಕೆಳಮೂಲೆ ಒಳಕ್ಕೆ ಸಣ್ಣಗೆ ಮಡಿಸಲಾಗಿತ್ತು, ದಾರದ ಗಂಟು ಜಾರದ ಹಾಗೆ. ಆ ಮಡಿಕೆ ಅವಳೇ ಕಂಡುಕೊಂಡದ್ದು. ಒಬ್ಬಳಿಗೆ ಮಾತ್ರ ಹೇಳಿಕೊಟ್ಟಿದ್ದಳು; ಅದೂ ಎರಡು ವರ್ಷದ ಕೆಳಗೆ, ಶಾಲೆಗೆ ರಜೆಯಿದ್ದ ಒಂದು ದಿನ, ಆಟಕ್ಕೆ.

ಮನಸ್ಸು ಒಪ್ಪಲಿಲ್ಲ. ಮೊಟ್ಟೆ ತರುವ ನೆಪ ಹೇಳಿ ಅಂಗಡಿ ದಾಟಿ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದಳು. ಬಾಗಿಲಲ್ಲೇ ಅವರು ಕೇಳಿದರು, “ಹುಡುಗಿಗೆ ಹುಷಾರಿಲ್ವಾಮ್ಮ? ಎಂಟು ದಿನ ಆಯ್ತು ಬಂದು. ಪರೀಕ್ಷೆಗೆ ಉಳಿದಿರೋದು ಮೂರೇ ವಾರ.”

ಮೊಟ್ಟೆ ತರುವುದು ಮರೆತುಹೋಯಿತು. ಮನೆಗೆ ಬಂದು ಕಾದಳು. ಸಂಜೆ ಏಳಕ್ಕೆ ಪೆನ್ಸಿಲ್ ಚೀಲ ಹೆಗಲಿಗೇರಿಸಿಕೊಂಡು, ಪಾಠದಿಂದ ಬಂದವಳ ಹಾಗೆ ಒಳಗೆ ಬಂದಳು.

“ಇವತ್ತು ಏನು ಬಿಡಿಸಿದೆ?”

“ಮೆಟ್ಟಿಲು.”

“ತೋರ್ಸು.”

ಹುಡುಗಿ ಚೀಲ ತೆಗೆಯಲಿಲ್ಲ. ಕಣ್ಣು ನೆಲಕ್ಕಿಳಿಯಿತು. “ಅಪ್ಪನೇ ಹೇಳಿದ್ದು. ಅವರ ಸ್ನೇಹಿತರ ಪುಸ್ತಕದ ಅಂಗಡಿ ಹಿಂದೆ ಕೂತು ಮಾಡ್ತಿದ್ದೆ. ನಿನಗೆ ಗೊತ್ತಾದರೆ ಬಿಡಲ್ಲ, ಕೈ ಪೂರ್ತಿ ಹಾಳಾಗೋ ತನಕ ನೀನೇ ಮಾಡ್ತೀಯ ಅಂದರು. ಅದು ಸುಳ್ಳೇನಮ್ಮ?”

ಸುಳ್ಳಲ್ಲ. ಅದೇ ಅವಳನ್ನು ಕಟ್ಟಿಹಾಕಿತು. ಮಗಳ ಬಲಗೈ ಹಿಡಿದು ನೋಡಿದಳು. ಹೆಬ್ಬೆರಳಿನ ಉಗುರಿನ ಪಕ್ಕ, ಗೆರೆ ಎಳೆಯುವ ಜಾಗದಲ್ಲಿ, ಆಗಲೇ ಚರ್ಮ ಗಟ್ಟಿಯಾಗತೊಡಗಿತ್ತು.

ಮಾರನೆಯ ದಿನ ಹನ್ನೊಂದು ಗಂಟೆಗೆ ಗುಲಾಬಿ ಅಣ್ಣ ಹೊಸ ಅಂಗಿ ತೊಟ್ಟು, ಕೊಡೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಕಂತ್ರಾಟುದಾರನ ಮನೆಗೆ ಹೋದ. ಅವನು ಬೀದಿ ತಿರುಗಿದ್ದನ್ನು ನೋಡಿ ಅವಳು ಸ್ಟೂಲು ತಂದಳು. ಒಂದೊಂದಾಗಿ ಒಂಬತ್ತು ಚೌಕಟ್ಟನ್ನೂ ಕೆಳಗಿಳಿಸಿದಳು. ಒಂದು ಕೈ ಜಾರಿ ಗಾಜು ಒಡೆಯಿತು. ಶಬ್ದಕ್ಕೆ ಅತ್ತೆ ಹೊರಗೆ ಬಂದಳು.

ಅವಳು ಸ್ಟೂಲಿನ ಮೇಲೆ ನಿಂತೇ ಹೇಳಿದಳು, “ಬೈಯೋದಿದ್ದರೆ ಬೈದುಬಿಡಿ ಅತ್ತೆ. ನಾನಂತೂ ನಿಲ್ಲಿಸಲ್ಲ.”

ಅತ್ತೆ ನೆಲದ ಮೇಲಿನ ಗಾಜು ನೋಡಿದಳು, ಖಾಲಿ ಗೋಡೆ ನೋಡಿದಳು, ಅಂಗಡಿಯ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಪೊರಕೆ ತಂದಳು. “ಮೊದಲು ಚಪ್ಪಲಿ ಹಾಕ್ಕೋ. ಕಾಲೂ ಕುಯ್ಕೊಂಡರೆ ಅದಕ್ಕೆ ಯಾವ ಚೌಕಟ್ಟಿದೆ?”

ಇಬ್ಬರೂ ಅಡುಗೆಮನೆಯಲ್ಲಿ ಕೂತು ಹೂವು ಬಿಚ್ಚಿದರು. ಮಡಿಸಿದವಳಿಗೇ ಬಿಚ್ಚಲು ಆಗುತ್ತಿರಲಿಲ್ಲ; ಅತ್ತೆಯ ಸೊಟ್ಟ ಬೆರಳುಗಳೇ ಹೆಚ್ಚು ಬಿಚ್ಚಿದವು. ಬಿಚ್ಚಿದರೂ ನೋಟು ಮತ್ತೆ ಹೂವಾಗಲು ಸುರುಳಿ ಸುತ್ತಿಕೊಳ್ಳುತ್ತಿತ್ತು. ಅತ್ತೆ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಒದ್ದೆ ಬಟ್ಟೆ ಮೇಲೆ ಹಾಸಿ ಒಂದೊಂದೇ ನೋಟನ್ನು ಒತ್ತಿದಳು. ಆವಿ ಎದ್ದಿತು. ಡಾಕ್ಟರುಗಳ ಕೋಟಿನ ಕಾಲರು ತಿದ್ದಿದ ಆ ಕೈ ನೋಟಿನ ಮೂಲೆಗಳನ್ನು ತಿದ್ದಿತು.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ನನ್ನ ಮಗನೇ. ಹೆತ್ತವಳು ನಾನೇ, ಯಾರನ್ನ ಅನ್ನಲಿ?” ಎಂದಳು ಅತ್ತೆ.

ಮೊದಲ ವರ್ಷದ ಗುಲಾಬಿಯ ಐದು ನೋಟು ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು. ಬ್ಯಾಂಕಿನಲ್ಲಿ ಬದಲಿಸಲು ಸಮಯ ಕೊಟ್ಟಿದ್ದಾಗ ಅವಳು ನೆನಪಿಸಿದ್ದಳು, ಅವನು ಕೇಳಿರಲಿಲ್ಲ. ಅತ್ತೆ ಅವನ್ನೂ ಇಸ್ತ್ರಿ ಮಾಡಿ ಬೇರೆ ಇಟ್ಟಳು. ಉಳಿದದ್ದು ಆಪರೇಷನ್ನಿಗೆ ಸಾಲುತ್ತಿತ್ತು. ಅವಳು ಆಗಲೇ ಆಸ್ಪತ್ರೆಗೆ ಹೋಗಿ ದುಡ್ಡು ಕಟ್ಟಿ, ಶುಕ್ರವಾರದ ದಿನ ಗೊತ್ತುಮಾಡಿ ಬಂದಳು. ಕ್ಯಾಷಿಯರು ನೋಟು ಮುಟ್ಟಿ ನೋಡಿದ. “ಬಿಸಿಯಾಗಿದೆಯಲ್ರೀ” ಎಂದ.

ಗುಲಾಬಿ ಅಣ್ಣ ಮರಳಿದಾಗ ಊಟದ ಹೊತ್ತು. ಹೊರಗಿನಿಂದಲೇ ಮಾತಾಡುತ್ತ ಬಂದ: ಕೊಡೆ ಬಿಚ್ಚಿದಾಗ ಆಕೆ ಅತ್ತಳಂತೆ, ನೆಂಟರೆಲ್ಲ ಫೋಟೊ ತೆಗೆದರಂತೆ, ಇನ್ನೂ ಮೂರು ಆರ್ಡರ್ ಗ್ಯಾರಂಟಿಯಂತೆ. ಗೋಡೆ ಕಂಡ ಮೇಲೆ ಮಾತು ನಿಂತಿತು. ಒಂಬತ್ತು ಮೊಳೆ, ಒಂಬತ್ತು ಬಿಳಿ ಚೌಕ.

ಅವನು ಒಳಗೆ ಬಂದು ಕೇಳಿದ, “ಎಲ್ಲಾನೂನಾ?”

“ಎಲ್ಲಾನೂ. ಶುಕ್ರವಾರ ಆಪರೇಷನ್.”

“ಒಂದು ಮಾತು ಕೇಳಬಾರದಾ?”

“ಕೇಳಿದ್ದೆ. ಆಲೂಗಡ್ಡೆ ಬಡಿಸ್ತಾ ಕೇಳಿದ್ದೆ.”

“ಗಿರಾಕಿಗಳಿಗೆ ಏನು ಹೇಳಲಿ ನಾನು? ಹೆಂಡತಿಗೆ ಕೊಟ್ಟದ್ದು ಎಲ್ಲಿ ಅಂದರೆ?”

“ಖರ್ಚು ಮಾಡಿದಳು ಅನ್ನಿ. ಕೊಟ್ಟಿದ್ದು ನಿಜ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ?”

ಅವನು ಕೂತುಬಿಟ್ಟ. “ನಿನಗೆ ಅದರ ಮೇಲೆ ಒಂದು ಚೂರೂ ಆಸೆ ಇರಲಿಲ್ವಾ? ವರ್ಷಾ ವರ್ಷಾ ನಾನು ಎಷ್ಟು ಯೋಚಿಸ್ತಿದ್ದೆ ಗೊತ್ತಾ, ಏನು ಮಾಡಿಸೋದು ಅಂತ?”

ಅವಳಿಗೆ ಕನಿಕರವಾಯಿತು, ಕನಿಕರವಾಯಿತಲ್ಲ ಎಂದು ತನ್ನ ಮೇಲೆ ಸಿಟ್ಟೂ ಬಂತು. ಬೆಳಿಗ್ಗೆಯಿಂದ ಕೂಡಿಟ್ಟುಕೊಂಡಿದ್ದ ಮಾತು ಒಂದೇ ಆಗಿತ್ತು, ಅದನ್ನೇ ಹೇಳಿದಳು. “ಮಗಳ ಎಂಟು ದಿನದ ಪಾಠ ಹೋಗಿದೆ. ಅದನ್ನ ಯಾವ ಗೋಡೆಯಿಂದ ಇಳಿಸಿ ಕೊಡಲಿ?”

ಅವನು ತಾಯಿಯ ಕಡೆ ನೋಡಿದ. ತಾಯಿ ತಟ್ಟೆ ಇಟ್ಟಳು. “ಊಟ ಮಾಡು. ಆರೋಗತ್ತೆ.”

ಆಪರೇಷನ್ನು ಮುಕ್ಕಾಲು ಗಂಟೆಯದು. ಮೊಣಕೈವರೆಗೂ ಬ್ಯಾಂಡೇಜು ಸುತ್ತಿಸಿಕೊಂಡು ಅವಳು ಅದೇ ದಿನ ಬಂದಳು. ಆರು ವಾರ ಭಾರ ಎತ್ತುವ ಹಾಗಿಲ್ಲ, ಮಡಿಸುವ ಮಾತಂತೂ ಆಡುವ ಹಾಗಿಲ್ಲ. ಮೂರು ದಿನ ಅವಳಿಗೆ ಅತ್ತೆಯೇ ಅನ್ನ ಕಲಸಿ ಕೊಟ್ಟಳು. ಗಂಡ ಮಾತಾಡುತ್ತಿದ್ದ, ಆದರೆ ಬಾಡಿಗೆಗಿರುವವರ ಹತ್ತಿರ ಆಡುವಷ್ಟೇ: ನೀರು ಬಂತಾ, ಗ್ಯಾಸು ಬಂತಾ. ಮಲಗಿದಲ್ಲಿಂದ ಅವಳಿಗೆ ಅಂಗಡಿಯ ಮಾತೆಲ್ಲ ಕೇಳುತ್ತಿತ್ತು. ಆರ್ಡರ್‌ಗಳು ನಿಲ್ಲಲಿಲ್ಲ. ಎದ್ದು ಹೋಗಿ ನೋಡಿದರೂ ಅದೇ ಬೀದಿ, ಅದೇ ಅಂಗಡಿ, ಅದೇ “ಎಲ್ಲಿಗೆ?” ಅನ್ನುವ ಪ್ರಶ್ನೆ.

ನಾಲ್ಕನೇ ದಿನ ಸಂಜೆ ಮಗಳು ಪಾಠಕ್ಕೆ ಹೊರಟು ನಿಂತಿದ್ದಾಗ ಅವನು ನಡುಕೋಣೆಗೆ ಬಂದ. ಕೈಯಲ್ಲಿ ನೋಟಿನ ಕಟ್ಟು.

“ಇವತ್ತೊಂದು ದಿನ ಪೆನ್ಸಿಲ್ ಕೂತ್ಕೊಳ್ಳಲಿ. ಎರಡು ಗುಚ್ಛ. ಕದ್ದು ಮುಚ್ಚಿ ಅಲ್ಲ, ನಿನ್ನ ಎದುರಿಗೇ ಕೇಳ್ತಿದ್ದೀನಿ. ನಿನ್ನ ಕೈ ಸರಿಹೋಗೋ ತನಕ ಮಾತ್ರ.”

ಹುಡುಗಿ ಆಗಲೇ ಚೀಲ ಇಳಿಸತೊಡಗಿದ್ದಳು. “ಇರಲಿ ಬಿಡಮ್ಮ, ಎರಡೇ ತಾನೇ.”

“ನನಗೂ ಎರಡೇ ಅಂದಿದ್ದರು” ಎಂದಳು ಅವಳು. “ಮೊದಲನೇ ವಾರ. ಆಮೇಲೆ ಬೇರೆ ಯಾರನ್ನಾದರೂ ನೋಡ್ತೀನಿ ಅಂದಿದ್ದರು. ಚೀಲ ಹಾಕ್ಕೊಂಡು ನೀನು ನಡಿ.”

ಪೆನ್ಸಿಲ್ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅಜ್ಜಿ ಬಂದು ಅವಳ ಹೆಗಲು ಹಿಡಿದು ಅಂಗಡಿ ದಾಟಿಸಿ ಬೀದಿಗೆ ಬಿಟ್ಟು ಬಂದಳು.

“ಮತ್ತೆ ಇದನ್ನ ಯಾರು ಮಾಡ್ತಾರೆ?” ಎಂದ ಗುಲಾಬಿ ಅಣ್ಣ.

“ನೀವು.”

“ನನ್ನ ಕೈಗೆ ಬರಲ್ವೇ.”

“ಯಾರ ಕೈಗೂ ಬರಲ್ಲ. ಬರೋ ತನಕ ಕೂತ್ಕೋಬೇಕು.” ಅವಳು ತನ್ನ ಕುರ್ಚಿ ಎಡಗೈಯಿಂದ ಎಳೆದುಕೊಟ್ಟಳು. “ಬಿಳಿ ಕಾಗದದಲ್ಲಿ ಮೊದಲು. ನೋಟು ಆಮೇಲೆ.”

ಅವನು ಕೂರಲಿಕ್ಕೆ ಅರ್ಧ ಗಂಟೆ ಬೇಕಾಯಿತು. ಬೀಡಿ ಸೇದಿ ಬಂದ, ಶಟರಿನ ಎಣ್ಣೆ ನೋಡಿ ಬಂದ. ಕೊನೆಗೆ ಕೂತ. ಅವನ ಮೊದಲ ಗುಲಾಬಿ ಎಲೆಕೋಸಿನ ಹಾಗಿತ್ತು. ಎರಡನೆಯದು ಅದಕ್ಕಿಂತ ಕಡೆ. ಮೂರು ದಿನ ಕಳೆದರೂ ಒಂದು ಗುಚ್ಛ ಮುಗಿಯಲಿಲ್ಲ. ಒಂದು ಆರ್ಡರ್ ಕೈತಪ್ಪಿತು. ಸಂಜೆ ಆದರೆ ಕುತ್ತಿಗೆ ಒತ್ತಿಕೊಳ್ಳುತ್ತಿದ್ದ. “ಹೀಗೇ ನೋಯ್ತಿತ್ತಾ?” ಎಂದು ಒಮ್ಮೆ ಕೇಳಿದ. ಅವಳು ಇನ್ನೊಂದು ಬಿಳಿ ಕಾಗದ ಅವನ ಮುಂದಿಟ್ಟಳು.

ಎರಡನೇ ವಾರ ಒಂದು ದಿನ ಅವಳು ಅಂಗಡಿಯಲ್ಲಿ ಕೂತಿದ್ದಳು, ಅವನು ಒಳಗೆ ಅವಳಿಗೆ ಕಾಣುವ ಹಾಗೆ ಕೂತು ಮಡಿಸುತ್ತಿದ್ದ; ಆಗ ವಯಸ್ಸಾದ ಒಬ್ಬರು ಬಂದರು. ಕಾರ್ಖಾನೆಯೊಂದರಲ್ಲಿ ಕಾವಲುಗಾರರಾಗಿದ್ದು ನಿವೃತ್ತರಾದವರು; ಕಟ್ಟಕಡೆಯ ಸಂಬಳದ ದುಡ್ಡು ಜೇಬಿನಲ್ಲಿತ್ತು.

“ಮನೆಯವಳಿಗೆ ಕೊಡಬೇಕಮ್ಮ. ನಲವತ್ತು ವರ್ಷ ಆಯ್ತು, ಅವಳ ಕೈಗೆ ಅಂತ ಒಂದು ನೋಟು ಕೊಟ್ಟವನಲ್ಲ. ದಿನಸಿಗೆ ಕೊಟ್ಟಿದ್ದೀನಿ, ಅವಳಿಗೆ ಅಂತ ಇಲ್ಲ. ಇಲ್ಲಿ ಚೆಂದ ಮಾಡಿ ಕೊಡ್ತಾರೆ ಅಂದರು. ಅವಳಿಗೆ ಯಾವುದು ಇಷ್ಟ ಆಗಬಹುದು?”

ಒಳಗಿನಿಂದ ಗುಲಾಬಿ ಅಣ್ಣ ದನಿ ಎತ್ತಿದ. “ಬನ್ನಿ ಸಾರ್, ಕೊಡೆ ಇದೆ, ಕೇಕ್ ಇದೆ...”

ಅವಳು ಮುದುಕರ ಮುಖ ನೋಡಿದಳು. ಕೌಂಟರಿನ ಖಾನೆಯಿಂದ ಒಂದು ಬಿಳಿ ಕವರು ತೆಗೆದಳು. “ಇದರಲ್ಲಿ ಹಾಕಿ ಕೈಗೆ ಕೊಡಿ.”

“ಇಷ್ಟೇನಾ?”

“ಕೊಟ್ಟ ಮೇಲೆ, ಏನು ಮಾಡಿದೆ ಅಂತ ಕೇಳಬೇಡಿ.”

ಅವರು ಕವರನ್ನು ತಿರುಗಿಸಿ ನೋಡಿದರು. “ಅದು ಕಷ್ಟ” ಎಂದರು. ಆಮೇಲೆ ನೋಟುಗಳನ್ನು ಕವರಿನಲ್ಲಿ ಹಾಕಿ, ಕವರಿನ ಬೆಲೆ ಕೇಳಿ, ಚಿಲ್ಲರೆ ಕೊಟ್ಟು ಹೋದರು.

ಗುಲಾಬಿ ಅಣ್ಣ ನಡುಬಾಗಿಲಿಗೆ ಬಂದು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಹೀಗೆ ಗಿರಾಕಿ ಕಳೆದರೆ ಅಂಗಡಿ ಮುಚ್ಚಬೇಕಾಗತ್ತೆ” ಎಂದ. ದನಿಯಲ್ಲಿ ಬೈಗುಳಕ್ಕಿಂತ ಭಯವೇ ಹೆಚ್ಚಿತ್ತು. ಅವಳಿಗೂ ಆ ಭಯ ಇಲ್ಲದಿರಲಿಲ್ಲ. ಅಂಗಡಿ ಮುಚ್ಚಿದರೆ ಒಲೆಯೂ ಆರುತ್ತದೆ, ಮಗಳ ಫೀಜೂ ನಿಲ್ಲುತ್ತದೆ.

ಅವನ ಕೈಯಲ್ಲಿದ್ದ ಹೂವನ್ನು ಅವಳು ಎಡಗೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

“ಮೂರನೇ ಎಸಳು ಕೂಡಿಲ್ಲ” ಎಂದು ವಾಪಸು ಕೊಟ್ಟಳು. “ಬಿಚ್ಚಿ ಮಾಡಿ.”

ಅವನು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತು ಹೂವು ಬಿಚ್ಚತೊಡಗಿದ.